ರಾಗಿಕಲ್ಲಿನ ಕೋಣೆಯಲ್ಲಿ ವಯೋಲಾ

ನಾನು ಮಾಡುವ ಕೆಲಸ ಏನೆಂದು ನಮ್ಮ ಅತ್ತೆಗೆ ತಿಳಿಸಿ ಹೇಳಲು ಹೋಗಿ ಎಷ್ಟೋ ವರ್ಷ ಸೋತಿದ್ದೆ. ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹೊಂಗನೂರಿನಲ್ಲಿ ರೇಷ್ಮೆಹುಳು ಸಾಕಿಕೊಂಡು, ಒಂದಷ್ಟು ಕುರಿ ಕಟ್ಟಿಕೊಂಡು, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳಿಕೊಂಡು ಇದ್ದವಳು. ಚಿಕ್ಕಂದಿನಲ್ಲಿ ರಜೆ ಬಂದರೆ ಸಾಕು, ನಾನು ಅವಳ ಮನೆಯಲ್ಲೇ. ಹಾಗೆ ಅವಳ ಸೆರಗು ಹಿಡಿದು ಓಡಾಡಿದ ಹುಡುಗಿ ಬೆಂಗಳೂರಿನ ಹಾಸ್ಟೆಲಿಗೆ ಸೇರಿ, ಅಲ್ಲೊಬ್ಬ ಕ್ರೈಸ್ತ ಸನ್ಯಾಸಿನಿಯ ಹತ್ತಿರ ಪಿಟೀಲು ಕಲಿತು, ಆಮೇಲೆ ವಯೋಲಾ ಹಿಡಿದು, ಅದರಲ್ಲೇ ಅನ್ನ ಹುಟ್ಟಿಸಿಕೊಂಡದ್ದು ಅವಳಿಗೆ ಬಿಡಿಸಲಾಗದ ಒಗಟಾಗಿತ್ತು.

"ಮದ್ವೇಲಿ ನುಡುಸ್ತೀಯಾ ಮಗ?" ಎಂದು ಕೇಳುತ್ತಿದ್ದಳು.

"ಇಲ್ಲ ಅತ್ತೆ."

"ದೇವಸ್ಥಾನದಲ್ಲಿ?"

"ಇಲ್ಲ."

"ಹಂಗಾರೆ ಸಿನಿಮಾಕ್ಕಾ?"

ಅದೂ ಅಲ್ಲವೆಂದರೆ ಅವಳ ಪ್ರಶ್ನೆಗಳು ಮುಗಿದುಹೋಗುತ್ತಿದ್ದವು. ನಾಲ್ಕು ಜನ ಸೇರಿ ನುಡಿಸುತ್ತೇವೆ, ಎರಡು ಪಿಟೀಲು, ಒಂದು ವಯೋಲಾ, ಒಂದು ಚೆಲ್ಲೋ, ಪಶ್ಚಿಮದ ಸಂಗೀತ, ಅದರಲ್ಲೂ ಈಗಿನವರು ಹೊಸದಾಗಿ ಬರೆದದ್ದು ಎಂದೆಲ್ಲ ಬಿಡಿಸಿ ಹೇಳಿದೆ. ವಯೋಲಾ ಪಿಟೀಲಿಗಿಂತ ಒಂದಿಷ್ಟು ದೊಡ್ಡದು, ದನಿ ದಪ್ಪ ಎಂದಾಗ "ಗಂಡು ಪಿಟೀಲು ಅನ್ನು" ಎಂದಳು. ಚೆಲ್ಲೋದ ಚಿತ್ರ ತೋರಿಸಿದಾಗ "ಇದು ಅವುಗಳ ಅಪ್ಪ" ಎಂದಳು. ಅಲ್ಲಿಗೆ ನಮ್ಮ ತಂಡದ ವಂಶವೃಕ್ಷ ಅವಳಿಗೆ ಸ್ಪಷ್ಟವಾಯಿತು. ಆದರೆ ಕೇಳುವವರು ಯಾರು, ಯಾಕೆ ಕೇಳುತ್ತಾರೆ ಎಂಬುದು ಮಾತ್ರ ಬಗೆಹರಿಯಲಿಲ್ಲ.

ನಿಜ ಹೇಳಬೇಕೆಂದರೆ ನಮಗೂ ಬಗೆಹರಿದಿರಲಿಲ್ಲ. ಬೆಂಗಳೂರಿನ ಸಭಾಂಗಣಗಳಲ್ಲಿ ನಾವು ನುಡಿಸುವಾಗ ಬರುತ್ತಿದ್ದವರು ಪ್ರತಿಸಲವೂ ಅವರೇ. ಯಾರು ಯಾವ ಕುರ್ಚಿಯಲ್ಲಿ ಕೂರುತ್ತಾರೆ, ಯಾರು ಎಲ್ಲಿ ಕೆಮ್ಮುತ್ತಾರೆ ಎನ್ನುವುದೂ ನಮಗೆ ಗೊತ್ತಿತ್ತು. ಈ ಬೇಸರದಿಂದಲೇ ನಮ್ಮ ಚೆಲ್ಲೋದವರು ಒಂದು ಯೋಚನೆ ತೆಗೆದರು. ಅವರು ಬೆಂಗಳೂರಿನ ದಂಡು ಪ್ರದೇಶದಲ್ಲಿ ಹುಟ್ಟಿ ಬೆಳೆದ ಹೆಂಗಸು. ಮನೆಯಲ್ಲಿ ತಮಿಳು, ಹೊರಗೆ ಇಂಗ್ಲಿಷು, ಕನ್ನಡ ತರಕಾರಿ ಕೊಳ್ಳುವಷ್ಟು. ನುಡಿಸುವುದರ ಜೊತೆಗೆ ಸಂಗೀತವನ್ನು ಬರೆಯುತ್ತಲೂ ಇದ್ದರು. ಹಾಲ್ ಬೇಡ, ಇನ್ನು ಮೇಲೆ ಮ್ಯೂಸಿಯಮ್ಮುಗಳಲ್ಲಿ ನುಡಿಸೋಣ, ಜನ ಕೂತು ಕೇಳುವ ಬದಲು ಓಡಾಡಿಕೊಂಡು ಕೇಳಲಿ ಎಂದರು.

ಆಗ ನನಗೆ ನೆನಪಾದದ್ದು ರಾಮನಗರದ ಹೊರಗಿನ ಒಂದು ಹಳೆಯ ಛತ್ರ. ಮಾಗಡಿ ಕಡೆಯ ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು ಅದನ್ನು ಹಿಡಿದು, ಸುತ್ತಲ ಹಳ್ಳಿಗಳಲ್ಲಿ ಜನ ಅಟ್ಟಕ್ಕೆ ಎಸೆದಿದ್ದ ಸಾಮಾನುಗಳನ್ನೆಲ್ಲ ತಂದು ಜೋಡಿಸಿ ಮ್ಯೂಸಿಯಂ ಮಾಡಿದ್ದರು. ನಡುವೆ ತೊಟ್ಟಿ, ಸುತ್ತ ಕೋಣೆಗಳು. ಒಂದರಲ್ಲಿ ನಾಟಕದ ಕಿರೀಟ, ಭುಜಕೀರ್ತಿಗಳು. ಇನ್ನೊಂದರಲ್ಲಿ ಸೇರು, ಪಾವು, ತಕ್ಕಡಿಗಳು. ಮೂಲೆಯ ಕೋಣೆಯಲ್ಲಿ ಅಡುಗೆಮನೆ, ಒಲೆ, ಹಿತ್ತಾಳೆ ಪಾತ್ರೆ, ರಾಗಿ ಬೀಸುವ ಕಲ್ಲು. ತೊಟ್ಟಿಯ ಜಗಲಿಯ ಮೇಲೆ ರೇಷ್ಮೆ ನೂಲು ತೆಗೆಯುವ ಮರದ ಚರಕ. ಎಲ್ಲಾ ಕಡೆ "ಮುಟ್ಟಬಾರದು" ಎಂಬ ಬೋರ್ಡು. ಬೋರ್ಡಿನ ಮೇಲೆ ನಂಬಿಕೆ ಸಾಲದೆ ಮೇಷ್ಟ್ರು ಕೊರಳಿಗೆ ಒಂದು ಪೀಪಿ ನೇತುಹಾಕಿಕೊಂಡಿದ್ದರು. ಯಾರ ಕೈ ಯಾವುದರ ಹತ್ತಿರ ಹೋದರೂ ಸರಿ, ಶಾಲೆಯ ಮೈದಾನದಲ್ಲಿ ಊದುತ್ತಿದ್ದಷ್ಟೇ ಜೋರಾಗಿ ಊದುತ್ತಿದ್ದರು.

ನಾವು ಹೋಗಿ ಕೇಳಿದೆವು. ಮೇಷ್ಟ್ರು ಚೆಲ್ಲೋ ಪೆಟ್ಟಿಗೆಯನ್ನು ಸುತ್ತಿ ಬಂದು ನೋಡಿದರು.

"ಜನ ಬತ್ತಾರೇನಮ್ಮ ಇದಕ್ಕೆ?"

"ಗೊತ್ತಿಲ್ಲ ಸಾರ್."

"ಸರಿ. ನನ್ನ ಮ್ಯೂಸಿಯಮ್ಮಿಗೂ ಬರಾಕಿಲ್ಲ. ಇಬ್ಬರೂ ಸೇರಿ ಕಾಯೋಣ, ಬನ್ನಿ."

ಚೆಲ್ಲೋದವರು ಒಂದು ಇಡೀ ಮಳೆಗಾಲ ಆ ಛತ್ರಕ್ಕೆ ಬಂದು ಹೋಗಿ ಮಾಡಿ, ಅದಕ್ಕೆಂದೇ ಒಂದು ಹೊಸ ರಚನೆ ಬರೆದರು. ನಾಲ್ವರೂ ಒಂದೆಡೆ ಕೂರುವಂತಿಲ್ಲ. ಮೊದಲ ಪಿಟೀಲು ಕಿರೀಟಗಳ ಕೋಣೆಯಲ್ಲಿ, ಎರಡನೆಯದು ತಕ್ಕಡಿಗಳ ನಡುವೆ, ಚೆಲ್ಲೋ ಚರಕದ ಪಕ್ಕ ಜಗಲಿಯಲ್ಲಿ, ನಾನು ಅಡುಗೆಮನೆಯಲ್ಲಿ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಕೈಗಡಿಯಾರಗಳನ್ನು ಒಂದೇ ಹೊತ್ತಿಗೆ ಹೊಂದಿಸಿಕೊಂಡು, ಅವನ್ನು ನೋಡಿಕೊಂಡು ನುಡಿಸಬೇಕು. ರಾಗವಾಗಿ ಹರಿಯುವ ಸಂಗೀತವಲ್ಲ. ಒಂದು ಕೋಣೆಯಿಂದ ಉದ್ದನೆಯ ಸ್ವರವೊಂದು ಹೊರಟರೆ ಇನ್ನೊಂದು ಕೋಣೆ ಅದನ್ನು ಎತ್ತಿಕೊಳ್ಳುವುದು. ಕಮಾನನ್ನು ತಂತಿಯ ತುದಿಗೆ ಒಯ್ದು ತೆಗೆದ ಸದ್ದು ಜರಡಿ ಆಡಿಸಿದಂತೆ ಬರುವುದು. ನಡುವೆ ಮರಕ್ಕೆ ಬೆರಳಿನ ತಟ್ಟು. ಸರಿಯಾಗಿ ನಡುಭಾಗದಲ್ಲಿ ನಾಲ್ವರೂ ನಿಲ್ಲಿಸಿ ಒಂದು ನಿಮಿಷಕ್ಕೂ ಮಿಕ್ಕಿ ಸುಮ್ಮನಿರಬೇಕು. ಆ ಮೌನವೇ ಈ ರಚನೆಯ ಎದೆ, ಉಳಿದದ್ದೆಲ್ಲ ಅದಕ್ಕೆ ಹೋಗುವ, ಅದರಿಂದ ಬರುವ ದಾರಿ ಎಂದು ಚೆಲ್ಲೋದವರು ನಮಗೆ ಮತ್ತೆ ಮತ್ತೆ ಹೇಳಿದ್ದರು.

ಹೊಂಗನೂರಿಗೆ ಇಷ್ಟು ಹತ್ತಿರ ನುಡಿಸುತ್ತಿರುವಾಗ ಅತ್ತೆಯನ್ನು ಕರೆಯದೆ ಇರಲಾದೀತೇ? ಆ ಭಾನುವಾರ ಅವಳು ಬೆಳಿಗ್ಗೆಯೇ ಹುಳುಗಳಿಗೆ ಸೊಪ್ಪು ಹಾಕಿ, ಚನ್ನಪಟ್ಟಣಕ್ಕೆ ಒಂದು ಬಸ್ಸು, ಅಲ್ಲಿಂದ ರಾಮನಗರಕ್ಕೆ ಇನ್ನೊಂದು ಬಸ್ಸು ಹಿಡಿದು ಬಂದಳು. ರೇಷ್ಮೆ ಸೀರೆ, ಮಲ್ಲಿಗೆ ಹೂವು. ಮ್ಯೂಸಿಯಮ್ಮಿನ ಬಾಗಿಲಲ್ಲಿ ನಿಂತು ಒಳಗೆ ಕಣ್ಣಾಡಿಸಿದವಳೇ "ಅಯ್ಯೋ ಶಿವನೇ, ಇದೆಲ್ಲ ನಮ್ಮನೇಲೇ ಐತಲ್ಲ ಮಗ" ಎಂದಳು.

ಜನ ನಾವು ಎಣಿಸಿದ್ದಕ್ಕಿಂತ ಹೆಚ್ಚೇ ಬಂದಿದ್ದರು. ಬೆಂಗಳೂರಿನಿಂದ ನಮ್ಮ ಕೆಮ್ಮಿನ ಗೆಳೆಯರು, ರಾಮನಗರದ ಕೆಲವು ಕುಟುಂಬಗಳು, ಬೆಟ್ಟ ನೋಡಲು ಬಂದು ದಾರಿ ತಪ್ಪಿದ ಒಂದು ವ್ಯಾನಿನವರು. ನಾವು ಶುರುಮಾಡಿದೆವು. ಜನ ಮೊದಲು ಅಂಜಿಕೊಂಡು, ಆಮೇಲೆ ಸಲೀಸಾಗಿ ಕೋಣೆಯಿಂದ ಕೋಣೆಗೆ ಓಡಾಡಿದರು. ಅತ್ತೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ನನ್ನ ಎದುರಿಗೇ ಒಲೆಯ ಪಕ್ಕ ನಿಂತುಕೊಂಡು ನಾನು ಕಮಾನು ಎಳೆಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳು ನೋಡುತ್ತಿದ್ದಾಳೆಂದು ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು.

ಮೌನದ ಜಾಗ ಬಂತು. ನಾಲ್ಕೂ ಕಡೆ ಒಮ್ಮೆಲೇ ಸದ್ದು ನಿಂತಿತು. ನಾನು ಕಮಾನನ್ನು ತಂತಿಯಿಂದ ಒಂದಂಗುಲ ಎತ್ತಿ ಹಿಡಿದು, ಗಡಿಯಾರದ ಮೇಲೆ ಕಣ್ಣಿಟ್ಟು ಕಲ್ಲಿನಂತೆ ಕೂತೆ.

ಸ್ವಲ್ಪ ಹೊತ್ತಿಗೆ ಅತ್ತೆ ಅತ್ತಿತ್ತ ನೋಡುವುದು ಓರೆಗಣ್ಣಿಗೆ ಕಂಡಿತು. ಬಾಗಿಲಲ್ಲಿ ನಿಂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅತ್ತೆ ಒಮ್ಮೆ ಮೆಲ್ಲಗೆ ಕೆಮ್ಮಿದಳು. ನಾನು ಅಲುಗಲಿಲ್ಲ. ಆಮೇಲೆ ಸೀರೆಯ ಸರಬರ ಕೇಳಿಸಿತು. ಅವಳು ರಾಗಿಕಲ್ಲಿನ ಮುಂದೆ ಕಾಲು ಚಾಚಿ ಕೂತಿದ್ದಳು. ಪ್ರದರ್ಶನಕ್ಕೆಂದು ಮೊರದಲ್ಲಿಟ್ಟಿದ್ದ ರಾಗಿಯಿಂದ ಒಂದು ಹಿಡಿ ತೆಗೆದು ಕಲ್ಲಿನ ಬಾಯಿಗೆ ಸುರಿದಳು. ಗೂಟ ಹಿಡಿದಳು. ಬೀಸತೊಡಗಿದಳು.

ಗರ್ರ್ ಎಂಬ ಸದ್ದು ಆ ಹೆಂಚಿನ ಮಾಡಿನ ಕೆಳಗೆ ಎದ್ದು, ತೊಟ್ಟಿಯನ್ನು ದಾಟಿ, ಇಡೀ ಛತ್ರವನ್ನೇ ತುಂಬಿತು. ಬಾಯಿ ಬಿಟ್ಟು ಬೇಡ ಎನ್ನುವಂತಿಲ್ಲ. ಎದ್ದು ಹೋಗಿ ಕೈ ಹಿಡಿಯುವಂತಿಲ್ಲ. ಕಣ್ಣಲ್ಲೇ ಬೇಡಿಕೊಂಡೆ. ಅವಳು ಅದಕ್ಕೆ ಪ್ರತಿಯಾಗಿ "ನಾನಿದ್ದೀನಿ, ಹೆದರಬ್ಯಾಡ" ಎಂಬಂತೆ ತಲೆಯಾಡಿಸಿ ಇನ್ನೂ ಜೋರಾಗಿ ಬೀಸಿದಳು. ಅಷ್ಟರಲ್ಲಿ ಮೇಷ್ಟ್ರ ಪೀಪಿ ಕಿವಿ ಹರಿಯುವಂತೆ ಕೂಗಿತು. ಅವರು ಓಡಿಬಂದು "ಯಮ್ಮೋ, ಬೋರ್ಡು ಕಾಣಾಕಿಲ್ವಾ?" ಎಂದರು.

"ನಂಗೆ ಓದಕ್ಕೆಲ್ಲಪ್ಪ ಬತ್ತದೆ?" ಎಂದಳು ಅತ್ತೆ, ಕಲ್ಲು ನಿಲ್ಲಿಸದೆ. "ಅದಿರ್ಲಿ, ಕಲ್ಲು ಚೆನ್ನಾಗೈತೆ. ರಾಗಿ ಮಾತ್ರ ಮುಗ್ಗಲು. ಹುಳ ಹಿಡ್ದದೆ ನೋಡು."

ಬಾಗಿಲಲ್ಲಿದ್ದವರು ನಕ್ಕುಬಿಟ್ಟರು. ಗಡಿಯಾರದ ಪ್ರಕಾರ ಮೌನ ಮುಗಿದಿತ್ತು. ನಾನು ಕಮಾನು ಇಳಿಸಿದೆ. ನನ್ನ ಸ್ವರ ಹೊರಟ ತಕ್ಷಣ ಅತ್ತೆ ಕಲ್ಲು ನಿಲ್ಲಿಸಿ, ಗೆದ್ದವಳ ಹಾಗೆ ಸೆರಗಿನಿಂದ ಮುಖ ಒರೆಸಿಕೊಂಡಳು. ಉಳಿದದ್ದನ್ನು ನಾವು ಹೇಗೋ ನುಡಿಸಿ ಮುಗಿಸಿದೆವು. ಜನ ಚೆನ್ನಾಗಿಯೇ ಚಪ್ಪಾಳೆ ತಟ್ಟಿದರು. ಬೆಂಗಳೂರಿನವರೊಬ್ಬರಂತೂ ಕಲ್ಲಿನ ಭಾಗ ಅದ್ಭುತವಾಗಿತ್ತು, ಎಂಥ ಕಲ್ಪನೆ ಎಂದು ಚೆಲ್ಲೋದವರ ಕೈ ಕುಲುಕಿದರು. ಚೆಲ್ಲೋದವರ ಮುಖ ಕೆಂಪಾಗಿತ್ತು.

ಜನ ಖಾಲಿಯಾದ ಮೇಲೆ ಅವರು ನೇರವಾಗಿ ಅಡುಗೆಮನೆಗೆ ಬಂದರು.

"ಅಮ್ಮಾ, ಯಾಕೆ ಮಾಡಿದ್ರಿ? ಅಲ್ಲಿ ಸೈಲೆನ್ಸ್ ಇತ್ತು. ನಾನು ಬರೆದಿದ್ದೆ."

ಅತ್ತೆ ನನ್ನ ಕಡೆ ತಿರುಗಿದಳು. "ಏನಂತೆ?"

"ಅಲ್ಲಿ ಸುಮ್ಮನಿರಬೇಕಿತ್ತು ಅತ್ತೆ. ಹಾಗಂತ ಅವರು ಬರೆದಿದ್ದಾರೆ."

"ಸುಮ್ಕಿರಾದ್ನೂ ಬರೀತಾರಾ?"

"ಬರೀತಾರೆ."

ಅತ್ತೆಯ ಮುಖ ಇಳಿಯಿತು. ಅವಳು ಚೆಲ್ಲೋದವರ ಕಡೆ ನೋಡದೆ ನನಗೇ ಹೇಳಿದಳು: "ನಂಗೇನು ಗೊತ್ತಿತ್ತು ಮಗ. ನುಡುಸ್ತಿದ್ದೋಳು ಗಕ್ಕನೆ ನಿಲ್ಲಿಸ್ಬುಟ್ಟೆ. ಕಣ್ಣು ಕೈಗಡಿಯಾರದ ಮ್ಯಾಲೆ. ಮಗ ಮರ್ತೋಗ್ಬುಟ್ಟದೆ ಅಂದ್ಕಂಡೆ. ಅಷ್ಟು ಜನ ನಿಂತ್ಕಂಡು ನಿನ್ನೇ ನೋಡ್ತಾವ್ರೆ. ನಿಂಗೆ ಗ್ಯಾನ ಬರಗಂಟ ಏನಾರ ಸದ್ದು ಮಾಡ್ಬೇಕಲ್ಲ ಅಂತ..."

ಚೆಲ್ಲೋದವರಿಗೆ ಪೂರ್ತಿ ಅರ್ಥವಾಗಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಅವರು ಅತ್ತೆಯ ಪಕ್ಕ ನೆಲದ ಮೇಲೆ ಕೂತು, ತಮ್ಮ ತರಕಾರಿ ಕನ್ನಡದಲ್ಲಿ ಹೇಳಿದರು: "ಅಮ್ಮಾ, ಮುಂದಿನ ಸಂಡೇ ಮತ್ತೆ ಇದೆ. ನೀವು ಬರಬೇಕು. ಬೀಸಬಾರದು."

"ಬತ್ತೀನಿ ಕಣವ್ವ. ಬೀಸಾಕಿಲ್ಲ," ಎಂದಳು ಅತ್ತೆ.

ನಾನು ಆ ವಾರ ಹೊಂಗನೂರಿಗೆ ಹೋಗಿದ್ದೆ. ಅತ್ತೆ ಸುಮ್ಮನಿರಲಿಲ್ಲ. ಹುಳುಗಳಿಗೆ ಸೊಪ್ಪು ಹರಡುತ್ತಲೇ ಒಂದೊಂದಾಗಿ ಕೇಳಿದಳು. ಸುಮ್ಮನಿರುವ ಜಾಗ ಬಂತೆಂದು ಹೇಗೆ ಗೊತ್ತಾಗುತ್ತದೆ? ಎಷ್ಟು ಹೊತ್ತು? ಆಗ ಜನ ಏನು ಮಾಡಬೇಕು? ಜನ ಕೇಳಬೇಕು ಎಂದೆ. "ಏನ್ನ?" ಎಂದಳು. ನನಗೆ ತಿಳಿದಂತೆ ಹೇಳಿದೆ: ಸಂಗೀತ ನಿಂತ ಮೇಲೆ ಆ ಮನೆಯಲ್ಲಿ ಏನೇನು ಕೇಳಿಸುತ್ತದೋ ಅದನ್ನು. ಅದು ಕೇಳಲಿ ಎಂದೇ ಚೆಲ್ಲೋದವರು ಅಷ್ಟು ಹೊತ್ತು ಸಂಗೀತದಿಂದ ಜನರ ಕಿವಿಯನ್ನು ಹದಮಾಡಿರುತ್ತಾರೆ. ಅತ್ತೆ ಸೊಪ್ಪಿನ ಮಂಕರಿ ಕೆಳಗಿಟ್ಟು ಯೋಚಿಸಿದಳು. "ಹಂಗಾರೆ ಅಲ್ಲಿ ಯಾರೂ ಬಾಯಿ ಬುಡಂಗಿಲ್ಲ," ಎಂದಳು. ಅವಳ ದನಿ ಕೇಳಿ ನನಗೆ ಒಳಗೊಳಗೇ ಸಣ್ಣ ಭಯವಾಯಿತು.

ಮುಂದಿನ ಭಾನುವಾರ ಅವಳು ಒಬ್ಬಳೇ ಬರಲಿಲ್ಲ. ಹೊಂಗನೂರಿನ ಐದಾರು ಹೆಂಗಸರನ್ನು ಹೊರಡಿಸಿಕೊಂಡು ಬಂದಿದ್ದಳು. ಒಂದು ಕೈಚೀಲದಲ್ಲಿ ಹೊಸ ರಾಗಿ. ಬಂದವಳೇ ಮೊರದಲ್ಲಿದ್ದ ಮುಗ್ಗಲು ರಾಗಿಯನ್ನು ಹೊರಗೆ ಕೋಳಿಗಳಿಗೆ ಸುರಿದು, ಹೊಸದನ್ನು ತುಂಬಿದಳು. ಮೇಷ್ಟ್ರು ಪೀಪಿಗೆ ಕೈ ಹಾಕಿದರು. ಯೋಚಿಸಿ, ಕೈ ತೆಗೆದರು.

ಅವತ್ತು ರಾಮನಗರದ ಒಬ್ಬ ರೀಲರ್, ಎಂದರೆ ಗೂಡು ಕೊಂಡು ನೂಲು ತೆಗೆಸುವವರು, ಕೂಡ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದರು. ಜಗಲಿಯ ಮೇಲಿದ್ದ ಮರದ ಚರಕ ಅವರ ಮನೆಯಿಂದಲೇ ಬಂದದ್ದು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅತ್ತೆಯ ಗೂಡನ್ನು ಎಷ್ಟೋ ಸಲ ಕೊಂಡವರು, ಹಾಗಾಗಿ ಇಬ್ಬರಿಗೂ ಪರಿಚಯ. "ಅಕ್ಕಾ, ನೋಡಿ, ಇದು ನಮ್ಮ ದಾದಾಂದು, ನಮ್ಮ ತಾತಂದು," ಎಂದು ಅವರು ಅತ್ತೆಗೆ ತೋರಿಸಿದರು. ಆಮೇಲೆ ಬಂದವರಿಗೆಲ್ಲ ತೋರಿಸಿದರು. ಸಂಗೀತ ಶುರುವಾದ ಮೇಲೂ ಚೆಲ್ಲೋದ ಪಕ್ಕದಲ್ಲೇ ನಿಂತು, ಬಿಸಿನೀರಿನ ಬಾಣಲೆ ಎಲ್ಲಿ ಇರುತ್ತಿತ್ತು, ಎಳೆ ಹೇಗೆ ಹಿಡಿಯುತ್ತಿದ್ದರು ಎಂದು ವಿವರಿಸುತ್ತಲೇ ಇದ್ದರು. ಅದು ಕೆಟ್ಟದಾಗೇನೂ ಇರಲಿಲ್ಲ. ಸಂಗೀತದ ನಡುವೆ ಮಾತು, ಮಕ್ಕಳ ಹೆಜ್ಜೆ, ಬಳೆಗಳ ಸದ್ದು ಎಲ್ಲವೂ ಸೇರಿಕೊಂಡು ಛತ್ರ ಮದುವೆಮನೆಯಂತೆ ತುಂಬಿಕೊಂಡಿತ್ತು.

ನಾನು ಅಡುಗೆಮನೆಯಲ್ಲಿ ನುಡಿಸುತ್ತಿದ್ದೆ. ಅತ್ತೆಯ ಕಣ್ಣು ಈ ಸಲ ನನ್ನ ಕಮಾನಿನ ಮೇಲಿರಲಿಲ್ಲ. ನನ್ನ ಕಣ್ಣಿನ ಮೇಲಿತ್ತು. ಸುಮ್ಮನಿರುವ ಜಾಗ ಹತ್ತಿರ ಬಂದು ನಾನು ಗಡಿಯಾರದ ಕಡೆ ನೋಡಿದ್ದೇ ತಡ, ಅವಳು ಎದ್ದು ಹೊರಗೆ ಹೋದಳು.

ಮುಂದೆ ನಡೆದದ್ದರಲ್ಲಿ ಅರ್ಧ ನಾನು ಕೇಳಿದ್ದು, ಅರ್ಧ ಬೇರೆಯವರು ಹೇಳಿದ್ದು. ಅತ್ತೆ ಮೊದಲು ಜಗಲಿಗೆ ಹೋಗಿ ರೀಲರ್ ಸಾಹೇಬರ ತೋಳು ಮುಟ್ಟಿ ಬಾಯಿಯ ಮೇಲೆ ಬೆರಳಿಟ್ಟಳು. ಅವರು ಮಾತನ್ನು ಅರ್ಧಕ್ಕೇ ನುಂಗಿ, ತಮ್ಮ ಮನೆಯವರೆಲ್ಲರಿಗೂ ಬೆರಳು ತೋರಿಸಿದರು. ಹೊಂಗನೂರಿನ ಹೆಂಗಸರು ಮೊದಲೇ ತರಬೇತಿಯಾಗಿ ಬಂದಿದ್ದರು. ಕೋಣೆಗೊಬ್ಬರಂತೆ ನಿಂತು ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡರು. ಯಾವುದೋ ಒಂದು ಪಾಪು ಕಿರೀಟವೊಂದರ ಮೇಲೆ ಕೈ ಇಟ್ಟಿತು. ಮೇಷ್ಟ್ರು ಪೀಪಿಯನ್ನು ಬಾಯಿಗೆ ಒಯ್ದರು. ಅತ್ತೆ ಅದನ್ನು ದಾರದ ಸಮೇತ ಅವರ ಕೊರಳಿನಿಂದ ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಿವೃತ್ತರಾದ ಮೇಲೆ ತಮ್ಮ ಪೀಪಿಗೆ ಕೈ ಹಾಕಿದವರು ಅವಳೊಬ್ಬಳೇ ಎಂದು ಮೇಷ್ಟ್ರು ಆಮೇಲೆ ನಮಗೆ ಹೇಳಿದರು.

ನಾಲ್ಕೂ ಕಡೆ ಕಮಾನುಗಳು ಮೇಲೆದ್ದವು. ಸದ್ದು ನಿಂತಿತು. ನಿಂತ ಕೂಡಲೇ ಹೊರಗೆ ರಸ್ತೆಯಲ್ಲಿ ಕಬ್ಬಿನ ಹಾಲಿನ ಗಾಡಿಯ ಗೆಜ್ಜೆ ಘಲ್ ಘಲ್ ಎಂದು ಕೇಳತೊಡಗಿತು. ಅದರ ಹಿಂದೆಯೇ, ನನ್ನ ಕಿಟಕಿಯ ಆಚೆ, ಅತ್ತೆಯ ಪಿಸುದನಿ. ಅವಳ ಪಿಸುದನಿ ಎಂದರೆ ಅರ್ಧ ಊರಿಗೆ ಕೇಳುತ್ತದೆ.

"ಏನಪ್ಪ ತಮ್ಮ, ಒಸಿ ಗೆಜ್ಜೆ ನಿಲ್ಸು. ಒಳಗೆ ಸುಮ್ಕಿರಾ ಪಾರ್ಟು ನಡೀತೈತೆ."

"ಯಾರಾರ ಸತ್ತೋದ್ರೇನಮ್ಮ?" ಗಾಡಿಯವನು ಗಾಬರಿಯಿಂದ ಕೇಳಿದ.

"ಸತ್ತಿಲ್ಲ ಕಣಪ್ಪ. ಎಲ್ಲಾ ಚೆನ್ನಾಗವ್ರೆ. ಸುಮ್ಕವ್ರೆ, ಅಷ್ಟೆ."

ಗೆಜ್ಜೆ ನಿಂತಿತು. ನನಗೆ ನಗು ಉಕ್ಕಿ ಬಂದು ತುಟಿ ಕಚ್ಚಿ ಹಿಡಿದೆ. ಆದರೆ ಅದು ಒಂದು ಕ್ಷಣ ಅಷ್ಟೆ. ಆಮೇಲೆ ಬಂದ ಮೌನ ನಾನು ಯಾವ ಸಭಾಂಗಣದಲ್ಲೂ ಕೇಳದಂಥದು. ಅಷ್ಟೊಂದು ಜನ ಉಸಿರಾಡುತ್ತ, ಬೇಕೆಂದೇ, ಒಟ್ಟಿಗೆ ಸುಮ್ಮನಿದ್ದರು. ತೊಟ್ಟಿಯಲ್ಲಿ ಗುಬ್ಬಿಗಳು ಕಿತ್ತಾಡುತ್ತಿದ್ದವು. ಹೊರಗೆ ಹುಣಸೆಮರದೊಳಗೆ ಗಾಳಿ. ಬಿಸಿಲಿಗೆ ಕಾದ ಹೆಂಚು ಟಿಕ್ ಎಂದಿತು. ಬಹಳ ದೂರದಿಂದ ಮೈಸೂರಿನ ಕಡೆ ಹೋಗುವ ರೈಲು ಬಂತು, ಬಂಡೆಗಳ ನಡುವೆ ದೊಡ್ಡದಾಯಿತು, ಹೋಯಿತು. ಅದು ಹೋದ ಮೇಲೆ ಮೌನ ಇನ್ನಷ್ಟು ಆಳಕ್ಕಿಳಿದಂತಾಯಿತು. ನಾನು ಗಡಿಯಾರ ನೋಡಿದೆ, ಹೊತ್ತಾಗಿತ್ತು. ಕಮಾನು ಇಳಿಸಲು ಮನಸ್ಸೇ ಬರಲಿಲ್ಲ. ಬೇರೆ ಕೋಣೆಗಳಿಂದಲೂ ಸ್ವರ ಬರಲಿಲ್ಲ. ಒಬ್ಬರನ್ನೊಬ್ಬರು ಕಾಣದೆ, ಹೇಳಿಕೊಳ್ಳದೆ, ನಾವು ನಾಲ್ವರೂ ಗಡಿಯಾರವನ್ನು ಮೀರಿ ಕೂತಿದ್ದೆವು. ಕೊನೆಗೆ ಜಗಲಿಯಿಂದ ಚೆಲ್ಲೋದ ಕೆಳಗಿನ ತಂತಿಯ ದನಿ ಮೆಲ್ಲಗೆ ಎದ್ದಿತು. ನಾನು ಅದನ್ನು ಎತ್ತಿಕೊಂಡೆ.

ಮುಗಿದಾಗ ಚಪ್ಪಾಳೆ ತಕ್ಷಣ ಬರಲಿಲ್ಲ. ತಟ್ಟಬಹುದೋ ಇಲ್ಲವೋ ಎಂದು ಎಲ್ಲರೂ ಅತ್ತೆಯ ಮುಖ ನೋಡುತ್ತಿದ್ದರಂತೆ. ಅವಳು ಸೊಂಟದಿಂದ ಪೀಪಿ ತೆಗೆದು ಒಂದು ಸಲ ಪುರ್ರ್ ಎಂದು ಊದಿ ಮೇಷ್ಟ್ರಿಗೆ ವಾಪಸು ಕೊಟ್ಟಳು. ಆಮೇಲೆ ಛತ್ರದ ಹೆಂಚು ಹಾರಿಹೋಗುವಂತೆ ಚಪ್ಪಾಳೆ ಬಿತ್ತು.

ಚೆಲ್ಲೋದವರು ಅವಳನ್ನು ಹುಡುಕಿಕೊಂಡು ಬಂದು ಎರಡೂ ಕೈ ಹಿಡಿದುಕೊಂಡರು. ಏನು ಹೇಳಬೇಕೋ ಅದಕ್ಕೆ ಅವರ ಕನ್ನಡ ಸಾಲಲಿಲ್ಲ. ಅತ್ತೆಯೇ ಮಾತಾಡಿದಳು, ತಪ್ಪೊಪ್ಪಿಕೊಳ್ಳುವವಳ ಹಾಗೆ: "ಆ ರೈಲ್ನ ಮಾತ್ರ ನಿಲ್ಸಕ್ಕೆ ಆಗ್ನಿಲ್ಲ ಕಣವ್ವ."

ಚೆಲ್ಲೋದವರು ನಗಲು ಶುರುಮಾಡಿದವರು ಕಣ್ಣೊರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. ಆ ಸಂಜೆ ನಮ್ಮನ್ನೆಲ್ಲ ಅತ್ತೆ ಹೊಂಗನೂರಿಗೆ ಎಳೆದುಕೊಂಡು ಹೋಗಿ ಮುದ್ದೆ, ಉಪ್ಸಾರು ಹಾಕಿದಳು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಚೆಲ್ಲೋದವರಿಗೆ ಹೇಳಿಕೊಡಲು ರೀಲರ್ ಸಾಹೇಬರ ಮನೆಯವರೂ ಹೊಂಗನೂರಿನ ಹೆಂಗಸರೂ ಒಟ್ಟಿಗೆ ಕೂತರು. ಚೆಲ್ಲೋದವರು ಮಾತ್ರ ಅಗಿದೇ ತಿಂದರು.

ಅದಾದ ಮೇಲೆ ನಾವು ಆ ಕಡೆಯ ಎಷ್ಟೋ ಜಾಗಗಳಲ್ಲಿ ನುಡಿಸಿದೆವು. ಚನ್ನಪಟ್ಟಣದಲ್ಲಿ ಬೊಂಬೆಗಳನ್ನು ಸಾಲಾಗಿ ಜೋಡಿಸಿದ್ದ ಒಂದು ಹಳೆಯ ಮನೆಯಲ್ಲಿ, ಕನಕಪುರದ ಒಂದು ಶಾಲೆಯವರು ನೇಗಿಲು ಕೂರಿಗೆಗಳನ್ನು ಕೂಡಿಹಾಕಿದ್ದ ದೊಡ್ಡ ಕೋಣೆಯಲ್ಲಿ. ಪ್ರತಿ ಜಾಗಕ್ಕೂ ಚೆಲ್ಲೋದವರು ರಚನೆಯನ್ನು ಒಂದಿಷ್ಟು ಬದಲಿಸುತ್ತಿದ್ದರು. ಮೌನವನ್ನು ಮಾತ್ರ ಕಳೆಯಲಿಲ್ಲ, ಉದ್ದ ಮಾಡುತ್ತ ಹೋದರು. ಅತ್ತೆ ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳನ್ನು ಬಿಟ್ಟರೆ ಎಲ್ಲದಕ್ಕೂ ಬಂದಳು. ಸಂಗೀತ ಹೇಗಿತ್ತು ಎಂದು ಕೇಳಿದರೆ "ನುಡುಸಾದು ಪರವಾಗಿಲ್ಲ" ಎನ್ನುವಳು. ಮೌನದ ಬಗ್ಗೆ ಮಾತ್ರ ಊರೂರಿಗೆ ತೂಗಿ ನೋಡಿ ಅಭಿಪ್ರಾಯ ಕೊಡುವಳು. ಕನಕಪುರದ್ದು ಒಸಿ ತೆಳು, ಅಲ್ಲಿ ಬಸ್ಸು ಜಾಸ್ತಿ. ಚನ್ನಪಟ್ಟಣದ್ದು ಪರವಾಗಿಲ್ಲ.

ಒಮ್ಮೆ ಬೆಂಗಳೂರಿನ ದೊಡ್ಡ ಸಭಾಂಗಣದಲ್ಲಿ ನಮ್ಮದೇ ಕಾರ್ಯಕ್ರಮ ಇತ್ತು. ಕಾರು ಕಳಿಸುತ್ತೇನೆ, ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ, ಬಾ ಎಂದು ಅತ್ತೆಯನ್ನು ಕರೆದೆ.

"ಬ್ಯಾಡ ಮಗ," ಎಂದಳು. "ಅಲ್ಲಿ ಕುರ್ಚಿ ಹಾಕಿರ್ತಾರೆ. ಮಧ್ಯದಲ್ಲಿ ಬ್ಯಾಸರ ಆದ್ರೆ ಎದ್ದೋಗಿ ಏನಾರ ನೋಡಾನ ಅಂದ್ರೆ ಒಂದು ಒಲೆನೂ ಇರಾಕಿಲ್ಲ."